ಎಡ ತಿರುವು ಬೇರೆ, ಬಲ ತಿರುವು ಬೇರೆ

ಸೈಡ್‌ಕಾರ್, ಅಂದರೆ ಇನ್ನೊಬ್ಬರು ಕೂರಲು ಪಕ್ಕಕ್ಕೆ ಜೋಡಿಸುವ ಒಂದು ಚಕ್ರದ ತೊಟ್ಟಿಲು, ಕಟ್ಟಿದ ಬೈಕಿನಲ್ಲಿ ಎಡಕ್ಕೆ ತಿರುಗುವುದು ಒಂದು ಕೆಲಸ, ಬಲಕ್ಕೆ ತಿರುಗುವುದು ಇನ್ನೊಂದು ಕೆಲಸ. ಎರಡನ್ನೂ ಬೇರೆ ಬೇರೆಯಾಗಿಯೇ ಕಲಿಯಬೇಕು. ಇದನ್ನು ಮೊದಲ ದಿನವೇ ಯಾರಾದರೂ ಹೇಳಿಬಿಟ್ಟರೆ ಅರ್ಧ ಗಾಬರಿ ಕಡಿಮೆಯಾಗುತ್ತದೆ. ಆದರೆ ಹೊಸಬರಿಗೆ ಸಿಗುವ ಬುದ್ಧಿಮಾತು ಸಾಮಾನ್ಯವಾಗಿ ಒಂದೇ: "ನಿಧಾನವಾಗಿ ಓಡಿಸು, ಅಭ್ಯಾಸ ಆಗುತ್ತೆ." ನಿಧಾನ ಅನ್ನುವುದೇನೋ ಸರಿ. ಏನು ಅಭ್ಯಾಸ ಆಗಬೇಕು ಅನ್ನುವುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ರಸ್ತೆಯ ಎಡಬದಿಯಲ್ಲಿ ಗಾಡಿ ಓಡಿಸುವ ದೇಶಗಳಲ್ಲಿ ಸೈಡ್‌ಕಾರ್ ಎಡಗಡೆ ಇರುತ್ತದೆ, ಬಲಬದಿಯ ದೇಶಗಳಲ್ಲಿ ಬಲಗಡೆ. ನಾನು ಇಲ್ಲಿ ಎಡಗಡೆ ಇದೆ ಅಂದುಕೊಂಡೇ ಬರೆಯುತ್ತೇನೆ. ನಿಮ್ಮದು ಬಲಗಡೆ ಇದ್ದರೆ ಓದುವಾಗ ಎಡ ಇದ್ದಲ್ಲಿ ಬಲ ಅಂತ, ಬಲ ಇದ್ದಲ್ಲಿ ಎಡ ಅಂತ ಮಾಡಿಕೊಳ್ಳಿ.

ಸಾಮಾನ್ಯವಾಗಿ ಎಂಜಿನ್ನಿನ ಶಕ್ತಿಯೆಲ್ಲ ಹೋಗುವುದು ಬೈಕಿನ ಹಿಂದಿನ ಚಕ್ರಕ್ಕೆ. ಪಕ್ಕದ ಸೈಡ್‌ಕಾರ್‌ಗೆ ತನ್ನದು ಅಂತ ಯಾವ ಶಕ್ತಿಯೂ ಇಲ್ಲ, ಅದು ಬರೀ ಹೊರೆ. ಆಕ್ಸಿಲರೇಟರ್ ಕೊಟ್ಟರೆ ಬೈಕ್ ಮುಂದೆ ನುಗ್ಗುತ್ತದೆ, ಸೈಡ್‌ಕಾರ್ ಹಿಂದೆ ಉಳಿಯಲು ನೋಡುತ್ತದೆ. ಹಾಗಾಗಿ ಇಡೀ ಗಾಡಿ ಎಡಕ್ಕೆ ಎಳೆಯುತ್ತದೆ. ಆಕ್ಸಿಲರೇಟರ್ ಬಿಟ್ಟರೆ ಇದು ತಿರುಗಾಮುರುಗಾ. ಬೈಕ್ ನಿಧಾನವಾಗುತ್ತದೆ, ಸೈಡ್‌ಕಾರ್ ಮುಂದೆ ಹೋಗಲು ಹವಣಿಸುತ್ತದೆ, ಗಾಡಿ ಬಲಕ್ಕೆ ಎಳೆಯುತ್ತದೆ. ಒಂದೇ ಕಡೆ ಹುಟ್ಟು ಹಾಕುತ್ತಾ ದೋಣಿಯನ್ನು ನೇರವಾಗಿ ನಡೆಸುವ ಹಾಗೆ ಇದು. ಪ್ರತಿ ಸಲ ಬಲ ಹಾಕಿದಾಗಲೂ ದಿಕ್ಕನ್ನು ಸ್ವಲ್ಪ ಸರಿಮಾಡಿಕೊಳ್ಳುತ್ತಲೇ ಇರಬೇಕು.

ಅಂದರೆ ಈ ಗಾಡಿಯಲ್ಲಿ ದಿಕ್ಕು ಬದಲಿಸುವುದು ಹ್ಯಾಂಡಲ್ ಒಂದೇ ಅಲ್ಲ. ಬಲಗೈ ಮುಷ್ಟಿಯೂ ಬದಲಿಸುತ್ತದೆ, ಬ್ರೇಕೂ ಬದಲಿಸುತ್ತದೆ, ಗೇರ್ ಇಳಿಸಿ ಕ್ಲಚ್ ಬಿಡುವ ರೀತಿಯೂ ಬದಲಿಸುತ್ತದೆ. ಇದು ತಲೆಗೆ ಹೋದಮೇಲೆ ಉಳಿದ ಎಷ್ಟೋ ವಿಷಯಗಳು ತಾವಾಗಿಯೇ ಬಿಡಿಸಿಕೊಳ್ಳುತ್ತವೆ.

ಎರಡು ಚಕ್ರದ ಬೈಕ್ ಚೆನ್ನಾಗಿ ಗೊತ್ತಿರುವವರಿಗೆ ಇನ್ನೊಂದು ತೊಡಕಿದೆ. ಸಾಧಾರಣ ವೇಗದಲ್ಲಿ ಬೈಕನ್ನು ಎಡಕ್ಕೆ ತಿರುಗಿಸಬೇಕಾದರೆ ನಾವು ಎಡ ಹ್ಯಾಂಡಲನ್ನು ಮುಂದಕ್ಕೆ ಒತ್ತುತ್ತೇವೆ. ಬೈಕ್ ಎಡಕ್ಕೆ ವಾಲುತ್ತದೆ, ವಾಲಿದ ಕಡೆಗೆ ತಿರುಗುತ್ತದೆ. ಹಾಗೆ ಮಾಡುತ್ತಿದ್ದೇವೆ ಅನ್ನುವುದು ಎಷ್ಟೋ ಜನಕ್ಕೆ ಗೊತ್ತೇ ಇರುವುದಿಲ್ಲ, ಕೈ ತಾನಾಗಿ ಮಾಡಿಕೊಂಡಿರುತ್ತದೆ. ಸೈಡ್‌ಕಾರ್ ಇರುವ ಗಾಡಿ ವಾಲುವುದಿಲ್ಲ. ಅದರಲ್ಲಿ ಎಡ ಹ್ಯಾಂಡಲ್ ಮುಂದಕ್ಕೆ ಒತ್ತಿದರೆ ಚಕ್ರ ಬಲಕ್ಕೆ ತಿರುಗುತ್ತದೆ, ಗಾಡಿಯೂ ಬಲಕ್ಕೇ ಹೋಗುತ್ತದೆ. ಸಮಾಧಾನವಾಗಿದ್ದಾಗ ಇದನ್ನು ನೆನಪಿಟ್ಟುಕೊಳ್ಳುವುದು ಕಷ್ಟವಲ್ಲ. ಗಾಬರಿಯಾದಾಗ ಕೈ ಹಳೆಯದನ್ನೇ ಮಾಡುತ್ತದೆ. ಎಡಕ್ಕೆ ಹೋಗಬೇಕು ಅಂತ ಒತ್ತುತ್ತೀರಿ, ಗಾಡಿ ಬಲಕ್ಕೆ ಹೋಗುತ್ತದೆ, ಇನ್ನೂ ಜೋರಾಗಿ ಒತ್ತುತ್ತೀರಿ. ಹಾಗಾಗಿ ಬೈಕನ್ನೇ ಮುಟ್ಟಿರದವರು ಮೊದಲ ಅರ್ಧ ಗಂಟೆಯಲ್ಲಿ ಅನುಭವಿಗಳಿಗಿಂತ ಚೆನ್ನಾಗಿ ಓಡಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಅವರಿಗೆ ಮರೆಯಬೇಕಾದದ್ದು ಏನೂ ಇಲ್ಲವಲ್ಲ.

ಕಾಲಿನದೂ ಒಂದು ಹಳೆಯ ಅಭ್ಯಾಸವಿದೆ. ನಿಲ್ಲಿಸುವಾಗ ಕಾಲು ಕೆಳಗಿಡುವುದು. ಇಲ್ಲಿ ಮೂರು ಚಕ್ರ ಇವೆ, ಗಾಡಿ ಬೀಳುವುದಿಲ್ಲ, ಕಾಲಿಡುವ ಅಗತ್ಯವೇ ಇಲ್ಲ. ಇಡಲೂಬಾರದು. ಎಡಗಾಲು ಕೆಳಗಿಟ್ಟು ಗಾಡಿ ಇನ್ನೂ ಸ್ವಲ್ಪ ಮುಂದೆ ಉರುಳಿದರೆ, ಹಿಂದಿನಿಂದ ಬರುವ ಸೈಡ್‌ಕಾರಿನ ಫ್ರೇಮು ಪಾದವನ್ನೋ ಕಣಕಾಲನ್ನೋ ಸಿಕ್ಕಿಸಿಕೊಳ್ಳುತ್ತದೆ. ಕಲಿಸುವವರು ಮೊದಲು ಹೇಳಬೇಕಾದ ಮಾತು ಇದು: ಗಾಡಿ ಪೂರ್ತಿ ನಿಂತು ನೀವು ಇಳಿಯುವವರೆಗೂ ಎರಡೂ ಕಾಲು ಫುಟ್‌ರೆಸ್ಟ್ ಮೇಲೇ ಇರಬೇಕು.

ಕಲಿಯಲು ಬೇಕಾದದ್ದು ದೊಡ್ಡ ಖಾಲಿ ಜಾಗ. ಗುರುತಿಗೆ ಕೆಲವು ಪ್ಲಾಸ್ಟಿಕ್ ಕೋನ್, ಅವಿಲ್ಲದಿದ್ದರೆ ನೀರು ತುಂಬಿದ ಬಾಟಲಿ. ಸೈಡ್‌ಕಾರ್‌ನಲ್ಲಿ ಜನ ಬೇಡ, ಆದರೆ ಅದು ಖಾಲಿಯೂ ಇರಬಾರದು. ಮರಳಿನ ಚೀಲ ಹಾಕಿ, ನಲವತ್ತು ಐವತ್ತು ಕಿಲೋ ಇರಲಿ. ಚೀಲವನ್ನು ಮುಂದಿನ ಮೂತಿಯೊಳಗೆ ತುರುಕಬೇಡಿ. ಸೀಟಿನ ಜಾಗದಲ್ಲಿ, ಚಕ್ರಕ್ಕೆ ಹತ್ತಿರ, ಆದಷ್ಟು ಕೆಳಗೆ ಇಟ್ಟು, ಜರುಗದ ಹಾಗೆ ಬಿಗಿಯಾಗಿ ಕಟ್ಟಿ. ಯಾಕೆ ಅನ್ನುವುದು ಬಲ ತಿರುವಿನ ವಿಷಯ ಬಂದಾಗ ತಿಳಿಯುತ್ತದೆ.

ಮೊದಲು ನೇರ ದಾರಿ. ಒಂದನೇ ಗೇರಿನಲ್ಲಿ ಹೊರಟು, ಆಕ್ಸಿಲರೇಟರ್ ಕೊಡುವುದು, ಬಿಡುವುದು. ಗಾಡಿ ಎಡಕ್ಕೆ ಎಳೆಯುವುದು, ಬಲಕ್ಕೆ ಎಳೆಯುವುದು ಕೈಗೆ ಗೊತ್ತಾಗಬೇಕು. ಬೇಜಾರಿನ ಕೆಲಸವೇ. ಆದರೆ ಇದನ್ನು ಬಿಟ್ಟು ನೇರವಾಗಿ ತಿರುವಿಗೆ ಹೋದವರು ಆಮೇಲೆ ತಿರುವಿನ ಮಧ್ಯೆ ಇದನ್ನು ಕಲಿಯಬೇಕಾಗುತ್ತದೆ. ಅದಾದಮೇಲೆ ದೊಡ್ಡ ಎಂಟರ ಆಕಾರ, ಆಮೇಲೆ ಚಿಕ್ಕ ಎಂಟು. ತೋಳು ಬೇಗ ದಣಿಯುತ್ತದೆ. ಹ್ಯಾಂಡಲ್ ಸಾಮಾನ್ಯ ಬೈಕಿಗಿಂತ ಜಾಸ್ತಿ ಭಾರ ಅನ್ನಿಸುತ್ತದೆ. ತೋಳು ನೋಯಲು ಶುರುವಾದರೆ ಆವತ್ತಿಗೆ ಸಾಕು. ದಣಿದ ಕೈ ಹಳೆಯ ಅಭ್ಯಾಸಕ್ಕೆ ಹೋಗುವುದು ಜಾಸ್ತಿ.

ಈಗ ಎಡ ತಿರುವು, ಅಂದರೆ ಸೈಡ್‌ಕಾರ್ ಇರುವ ಕಡೆಗೆ. ತಿರುಗುವಾಗ ಗಾಡಿಯ ಭಾರ ಹೊರಗೆ, ಬಲಕ್ಕೆ ತಳ್ಳಲ್ಪಡುತ್ತದೆ. ಒಳಗಿರುವ ಸೈಡ್‌ಕಾರ್ ಹಗುರಾಗುತ್ತದೆ. ವೇಗ ಮೀರಿದರೆ ಅದರ ಚಕ್ರ ನೆಲ ಬಿಡುತ್ತದೆ. ಎಷ್ಟು ವೇಗಕ್ಕೆ ಅನ್ನುವುದನ್ನು ಒಂದು ಅಂದಾಜಿನ ಲೆಕ್ಕದಿಂದ ನೋಡೋಣ. ಬೈಕ್ ಮತ್ತು ಸವಾರ ಸೇರಿ 300 ಕಿಲೋ, ಖಾಲಿ ಸೈಡ್‌ಕಾರ್ 80 ಕಿಲೋ, ಅದರ ಭಾರ ಬೈಕಿನಿಂದ ಸುಮಾರು 90 ಸೆಂಟಿಮೀಟರ್ ದೂರದಲ್ಲಿದೆ ಅಂದುಕೊಳ್ಳಿ. ಆಗ ಇಡೀ ಗಾಡಿಯ ಭಾರದ ಮಧ್ಯಬಿಂದು ಬೈಕಿನ ಚಕ್ರಗಳ ಗೆರೆಯಿಂದ ಎಡಕ್ಕೆ ಬರುವುದು ಬರೀ 19 ಸೆಂಟಿಮೀಟರ್. ಆ ಬಿಂದು ನೆಲದಿಂದ 55 ಸೆಂಟಿಮೀಟರ್ ಎತ್ತರದಲ್ಲಿದ್ದರೆ, 15 ಮೀಟರ್ ತ್ರಿಜ್ಯದ ತಿರುವಿನಲ್ಲಿ ಗಂಟೆಗೆ 25 ಕಿಲೋಮೀಟರಿಗೇ ಸೈಡ್‌ಕಾರ್ ಏಳುತ್ತದೆ. 25! ಸೈಕಲ್ ಕೂಡ ಆ ವೇಗಕ್ಕೆ ಹೋಗುತ್ತದೆ. ಸೈಡ್‌ಕಾರ್‌ನಲ್ಲಿ 70 ಕಿಲೋದ ಒಬ್ಬರು ಕೂತರೆ ಆ ಮಧ್ಯಬಿಂದು 30 ಸೆಂಟಿಮೀಟರಿಗೆ ಸರಿಯುತ್ತದೆ, ಅದೇ ತಿರುವಿನಲ್ಲಿ 32ರವರೆಗೆ ಹೋಗಬಹುದು. ನಿಮ್ಮ ಗಾಡಿಯ ಅಂಕಿಗಳು ಬೇರೆ ಇರುತ್ತವೆ, ಆದರೆ ಕತೆ ಇದೇ. ಖಾಲಿ ಸೈಡ್‌ಕಾರೇ ಎಲ್ಲಕ್ಕಿಂತ ಚಂಚಲ. ಜೊತೆಯವರನ್ನು ಇಳಿಸಿ ಒಬ್ಬರೇ ವಾಪಸ್ ಬರುವಾಗ, ಹೋಗುವಾಗ ಸಲೀಸಾಗಿ ದಾಟಿದ ಅದೇ ತಿರುವು ಬೇರೆ ರೀತಿ ವರ್ತಿಸುತ್ತದೆ.

ಚಕ್ರ ಎದ್ದಾಗ ಏನು ಮಾಡಬೇಕು? ಹ್ಯಾಂಡಲನ್ನು ಸ್ವಲ್ಪ ಬಲಕ್ಕೆ ಬಿಡಿ, ಆಕ್ಸಿಲರೇಟರನ್ನು ಮೆಲ್ಲಗೆ ಕಡಿಮೆ ಮಾಡಿ. ತಿರುವು ಅಗಲವಾಗುತ್ತದೆ, ಸೈಡ್‌ಕಾರ್ ಕೆಳಗಿಳಿಯುತ್ತದೆ. ಹೇಳುವುದು ಸುಲಭ. ಆ ಕ್ಷಣದಲ್ಲಿ ಬಲಕ್ಕೆ ಹೋಗುವುದು ಅಂದರೆ ಎದುರಿನ ಗಾಡಿಗಳ ಕಡೆಗೆ ಹೋಗುವುದು. ಹಾಗಾಗಿ ಮನಸ್ಸು "ಎಡಕ್ಕೆ, ಇನ್ನೂ ಎಡಕ್ಕೆ" ಅನ್ನುತ್ತದೆ. ಎಡಕ್ಕೆ ಜಾಸ್ತಿ ತಿರುಗಿಸಿದಷ್ಟೂ ಸೈಡ್‌ಕಾರ್ ಇನ್ನೂ ಮೇಲೇಳುತ್ತದೆ. ಈ ಗೊಂದಲದಿಂದ ತಪ್ಪಿಸಿಕೊಳ್ಳಲು ಇರುವ ನಿಜವಾದ ದಾರಿ ಒಂದೇ, ತಿರುವಿಗೆ ಮುಂಚೆಯೇ ವೇಗ ಇಳಿಸುವುದು. ಬೇಕಾದ ವೇಗಕ್ಕೆ ಬಂದು, ಆಮೇಲೆ ತಿರುವಿನೊಳಗೆ ಹಿತವಾಗಿ ಆಕ್ಸಿಲರೇಟರ್ ಕೊಡುತ್ತಾ ಹೋಗುವುದು. ಗಾಡಿ ಹೇಗೂ ಎಡಕ್ಕೆ ಎಳೆಯುತ್ತದೆಯಲ್ಲ, ಆ ಎಳೆತ ಇಲ್ಲಿ ನಿಮ್ಮ ಕೆಲಸವನ್ನೇ ಮಾಡಿಕೊಡುತ್ತದೆ. ಮೈಯನ್ನೂ ಎಡಕ್ಕೆ, ಸೈಡ್‌ಕಾರಿನ ಕಡೆಗೆ ಚಾಚಿ. ಸುಮ್ನೆ ತಲೆ ವಾಲಿಸಿದರೆ ಸಾಲದು, ಸೀಟಿನಿಂದ ಸ್ವಲ್ಪ ಜರುಗಿ.

ಚಕ್ರ ಏಳುವುದು ಹೇಗಿರುತ್ತದೆ ಅಂತ ಒಮ್ಮೆಯಾದರೂ ಖಾಲಿ ಮೈದಾನದಲ್ಲಿ, ಗೊತ್ತಿರುವವರ ಮುಂದೆ, ಬೇಕೆಂದೇ ಅನುಭವಿಸಬೇಕು ಅನ್ನುವುದು ನನ್ನ ಅಭಿಪ್ರಾಯ. ಮೊದಲ ಸಲ ಅದು ರಸ್ತೆಯಲ್ಲಿ ಆಗಬಾರದು. ಚಿಕ್ಕ ವೃತ್ತದಲ್ಲಿ ಎಡಕ್ಕೆ ಸುತ್ತುತ್ತಾ ಸ್ವಲ್ಪಸ್ವಲ್ಪವೇ ವೇಗ ಹೆಚ್ಚಿಸಿದರೆ, ಚಕ್ರ ಏಳುವುದಕ್ಕೆ ಮುಂಚೆಯೇ ಹಗುರಾಗುವುದು ಗೊತ್ತಾಗುತ್ತದೆ. ನೆಲದ ಸಣ್ಣ ಅದುರು ನಿಲ್ಲುತ್ತದೆ, ಹ್ಯಾಂಡಲ್ ಒಂದು ಥರ ಸಡಿಲ ಅನ್ನಿಸುತ್ತದೆ. ಆ ಸೂಚನೆಯನ್ನು ಗುರುತಿಸುವುದೇ ಪಾಠ. ಎತ್ತಿಕೊಂಡು ದೂರ ಓಡಿಸುವುದು ಸರ್ಕಸ್. ಅದು ಮಾಡುವವರಿಗೂ ನೋಡುವವರಿಗೂ ಖುಷಿ, ಆದರೆ ಸುರಕ್ಷತೆಗೂ ಅದಕ್ಕೂ ಸಂಬಂಧ ಕಡಿಮೆ. ಒಂದು ತಮಾಷೆಯೂ ಇದೆ. ಸೈಡ್‌ಕಾರ್ ಗಾಳಿಯಲ್ಲಿದ್ದಾಗ ಗಾಡಿ ಮತ್ತೆ ಎರಡು ಚಕ್ರದ ಬೈಕೇ ಆಗಿರುತ್ತದೆ, ಹ್ಯಾಂಡಲಿನ ಹಳೆಯ ನಿಯಮವೇ ವಾಪಸ್ ಬರುತ್ತದೆ. ಕೆಳಗಿಳಿದ ಕೂಡಲೇ ಮತ್ತೆ ಹೊಸ ನಿಯಮ.

ಎಲ್ಲರೂ ಮಾತಾಡುವುದು ಈ ಎಡ ತಿರುವಿನ ಬಗ್ಗೆ. ನನಗೆ ಜಾಸ್ತಿ ಭಯ ಬಲ ತಿರುವಿನದು. ಕಾರಣ, ಅದು ಬೆದರಿಸುವುದಿಲ್ಲ. ಬಲಕ್ಕೆ ತಿರುಗುವಾಗ ಭಾರ ಸೈಡ್‌ಕಾರಿನ ಮೇಲೆ ಬೀಳುತ್ತದೆ, ಅದು ಊರುಗೋಲಿನಂತೆ ನೆಲಕ್ಕೆ ಒತ್ತಿಕೊಳ್ಳುತ್ತದೆ. ಗಾಡಿ ಗಟ್ಟಿಯಾಗಿ ಕೂತಿದೆ ಅನ್ನಿಸುತ್ತದೆ. ಧೈರ್ಯ ಬರುತ್ತದೆ, ವೇಗ ಏರುತ್ತದೆ. ಆಮೇಲೆ ತಿರುವು ಅಂದುಕೊಂಡದ್ದಕ್ಕಿಂತ ಬಿಗಿಯಾಗುತ್ತದೆ, ಕೈ ಬ್ರೇಕ್ ಹಿಡಿಯುತ್ತದೆ. ಬೈಕಿನ ಮುಂದಿನ ಚಕ್ರ ಮತ್ತು ಸೈಡ್‌ಕಾರಿನ ಚಕ್ರ, ಇವೆರಡರ ನಡುವೆ ಓರೆಯಾಗಿ ಒಂದು ಗೆರೆ ಎಳೆಯಿರಿ. ತಿರುವು ಭಾರವನ್ನು ಎಡಕ್ಕೆ ತಳ್ಳುತ್ತದೆ, ಬ್ರೇಕ್ ಮುಂದಕ್ಕೆ ತಳ್ಳುತ್ತದೆ. ಎರಡೂ ಸೇರಿದರೆ ಸರಿಯಾಗಿ ಆ ಗೆರೆಯ ಮೇಲಿಂದ ಆಚೆಗೆ. ಬೈಕಿನ ಹಿಂದಿನ ಚಕ್ರ ನೆಲ ಬಿಡುತ್ತದೆ, ಸೈಡ್‌ಕಾರಿನ ಮೂತಿ ತಗ್ಗುತ್ತದೆ. ಆ ಸ್ಥಿತಿಯಿಂದ ಸರಿಪಡಿಸಿಕೊಳ್ಳಲು ಸಮಯ ಬಹಳ ಕಡಿಮೆ.

ಮರಳಿನ ಚೀಲವನ್ನು ಮೂತಿಯಲ್ಲಿಡಬೇಡಿ ಅಂದದ್ದು ಇದಕ್ಕೇ. ಮೂತಿಯಲ್ಲಿಟ್ಟ ಭಾರ ಆ ಓರೆಗೆರೆಯ ಆಚೆಗೆ ಬೀಳುತ್ತದೆ, ಮಗುಚುವುದಕ್ಕೆ ಅದೇ ಸಹಾಯ ಮಾಡುತ್ತದೆ. ಎಡ ತಿರುವಿನಲ್ಲಿ ಜೊತೆಯವರ ಭಾರ ನಿಮ್ಮ ಕಡೆ ಇರುತ್ತದೆ. ಬಲ ತಿರುವಿನಲ್ಲಿ ಅದೇ ಭಾರ ಗಾಡಿಯನ್ನು ಆ ಗೆರೆಯ ಹತ್ತಿರಕ್ಕೆ ಒಯ್ಯುತ್ತದೆ. "ಭಾರ ಇದ್ದರೆ ಸೇಫು" ಅನ್ನುವ ಮಾತು ಹಾಗಾಗಿ ಅರ್ಧ ನಿಜ.

ಬಲ ತಿರುವಿಗೆ ಬೇಕಾದದ್ದೂ ಮುಂಚಿತವಾಗಿ ಇಳಿಸಿದ ವೇಗವೇ. ಒಳಗೆ ಹೋದಮೇಲೆ ಆಕ್ಸಿಲರೇಟರನ್ನು ಒಂದೇ ಸಮ ಹಿಡಿಯಬೇಕು, ಬೇಕಾದರೆ ಕೂದಲೆಳೆಯಷ್ಟು ಬಿಡಬಹುದು. ಬಿಟ್ಟಾಗ ಗಾಡಿ ತಾನೇ ಬಲಕ್ಕೆ ಎಳೆಯುವುದರಿಂದ ತಿರುಗಲು ಸಹಾಯವಾಗುತ್ತದೆ. ಬಿಡುವುದು ಬೇರೆ, ಗಬಕ್ಕನೆ ಬ್ರೇಕ್ ಹಿಡಿಯುವುದು ಬೇರೆ. ಮೈಯನ್ನು ಬಲಕ್ಕೆ ಮತ್ತು ಹಿಂದಕ್ಕೆ ಇಟ್ಟುಕೊಂಡರೆ ಹಿಂದಿನ ಚಕ್ರದ ಮೇಲೆ ಸ್ವಲ್ಪ ಭಾರ ಉಳಿಯುತ್ತದೆ.

ಬ್ರೇಕಿನ ಬಗ್ಗೆ ಇಷ್ಟು ಸಾಕು. ಸೈಡ್‌ಕಾರಿನ ಚಕ್ರಕ್ಕೆ ಬ್ರೇಕ್ ಇಲ್ಲದ ಗಾಡಿಗಳಲ್ಲಿ ಜೋರಾಗಿ ಹಿಡಿದರೆ ಗಾಡಿ ಬಲಕ್ಕೆ ಸರಿಯುತ್ತದೆ, ಹ್ಯಾಂಡಲನ್ನು ಎಡಕ್ಕೆ ಹಿಡಿದು ಸರಿದೂಗಿಸಬೇಕು. ಮೂರೂ ಚಕ್ರಕ್ಕೆ ಬ್ರೇಕ್ ಇದ್ದರೆ ಈ ಸಮಸ್ಯೆ ಬಹಳ ಕಡಿಮೆ. ಕೊಳ್ಳುವಾಗ ನಾನಾದರೆ ಬಣ್ಣ, ಸೀಟು ನೋಡುವುದಕ್ಕೆ ಮುಂಚೆ ಇದನ್ನು ನೋಡುತ್ತೇನೆ. ಏನಿದ್ದರೂ ಭಾರ ಜಾಸ್ತಿ, ನಿಲ್ಲಲು ದೂರವೂ ಜಾಸ್ತಿ ಬೇಕು. ಮುಂದಿನ ಗಾಡಿಗೂ ನಿಮಗೂ ನಡುವೆ ಒಂಟಿ ಬೈಕಿಗಿಂತ ಹೆಚ್ಚು ಜಾಗ ಬಿಡಿ.

ಸೈಡ್‌ಕಾರ್‌ನಲ್ಲಿ ಕೂತವರನ್ನು ನಾವು ಸಾಮಾನು ಅಂದುಕೊಳ್ಳುತ್ತೇವೆ. ರೇಸಿನವರು ಹಾಗೆ ಅಂದುಕೊಳ್ಳುವುದಿಲ್ಲ. 1949ರಲ್ಲಿ ಶುರುವಾದ ಸೈಡ್‌ಕಾರ್ ವಿಶ್ವ ಚಾಂಪಿಯನ್‌ಶಿಪ್ಪನ್ನು ಮೊದಲ ಸಲ ಗೆದ್ದವರು ಬ್ರಿಟನ್ನಿನ ಎರಿಕ್ ಆಲಿವರ್. ಅವರ ಜೊತೆ ಸೈಡ್‌ಕಾರ್‌ನಲ್ಲಿದ್ದವರು ಡೆನಿಸ್ ಜೆಂಕಿನ್ಸನ್. ಮುಂದೆ 1955ರ ಮಿಲ್ಲೆ ಮಿಲ್ಯಾ ಕಾರ್ ರೇಸಿನಲ್ಲಿ ಸ್ಟರ್ಲಿಂಗ್ ಮಾಸ್ ಗೆದ್ದಾಗ ಪಕ್ಕದಲ್ಲಿ ಕೂತು ದಾರಿ ಹೇಳಿದವರೂ ಇದೇ ಜೆಂಕಿನ್ಸನ್. ಪಕ್ಕದಲ್ಲಿ ಕೂರುವುದೂ ಒಂದು ವಿದ್ಯೆ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ರೇಸಿನಲ್ಲಿ ಪಕ್ಕದವರು ಎಡ ತಿರುವಿಗೆ ಒಂದು ಕಡೆ, ಬಲ ತಿರುವಿಗೆ ಇನ್ನೊಂದು ಕಡೆ ಮೈ ಚಾಚಿ, ಹೆಚ್ಚುಕಮ್ಮಿ ನೆಲ ಸವರುತ್ತಾ ಗಾಡಿಯನ್ನು ಹಿಡಿದಿಡುತ್ತಾರೆ.

ರಸ್ತೆಯಲ್ಲಿ ಅದೆಲ್ಲ ಬೇಡ. ಆದರೆ ಕೂರುವವರಿಗೆ ಹೊರಡುವ ಮುಂಚೆ ಎರಡು ನಿಮಿಷ ಹೇಳಲೇಬೇಕು. ಹೆಲ್ಮೆಟ್ ಹಾಕಿಕೊಳ್ಳಬೇಕು. ಕೈ ಹೊರಗೆ ಚಾಚಬಾರದು, ಚಕ್ರ ಅಲ್ಲೇ ಪಕ್ಕದಲ್ಲಿದೆ. ಶಾಲು, ದುಪಟ್ಟಾ ಗಾಳಿಗೆ ಹಾರದಂತೆ ಒಳಗೆ ಸಿಕ್ಕಿಸಬೇಕು. ಫೋಟೋ ತೆಗೆಯಲು ಅಂತ ಎದ್ದು ನಿಲ್ಲಬಾರದು. ಏನಾದರೂ ಹೇಳಬೇಕಾದರೆ ಕೈಸನ್ನೆ ಏನು ಅಂತ ಮೊದಲೇ ಮಾತಾಡಿಕೊಂಡಿರಬೇಕು, ಎಂಜಿನ್ ಸದ್ದಿನಲ್ಲಿ ಕೂಗಿದ್ದು ಕೇಳುವುದಿಲ್ಲ. ನಾಯಿಯನ್ನು ಕೂರಿಸುವವರು ಅದರ ಕತ್ತಿನ ಪಟ್ಟಿಗೆ ಹಗ್ಗ ಕಟ್ಟುವ ಬದಲು ಮೈಗೆ ಹಾಕುವ ಬೆಲ್ಟ್ ಹಾಕಿ, ಅದನ್ನು ಗಾಡಿಗೆ ಸಿಕ್ಕಿಸಬೇಕು. ಮತ್ತೆ, ಚಿಕ್ಕ ಮಗು ಕೂತರೆ ದೊಡ್ಡವರಷ್ಟು ಭಾರ ಇರುವುದಿಲ್ಲ ಅನ್ನುವುದೂ ಲೆಕ್ಕದಲ್ಲಿರಲಿ. ಎಡ ತಿರುವಿನ ಮಟ್ಟಿಗೆ ಅದು ಖಾಲಿಯ ಹತ್ತಿರವೇ.

ಸವಾರ ಎಷ್ಟೇ ಜಾಣನಾದರೂ ಗಾಡಿಯನ್ನು ಸರಿಯಾಗಿ ಜೋಡಿಸಿರದಿದ್ದರೆ ಕಲಿಯುವುದೆಲ್ಲ ತಪ್ಪಾಗಿಬಿಡುತ್ತದೆ. ಗಾಡಿ ಯಾವಾಗಲೂ ಒಂದೇ ಕಡೆ ಎಳೆಯುತ್ತಿದ್ದರೆ ಅದು ನಿಮ್ಮ ಕೈಯ ದೋಷ ಅಲ್ಲದೇ ಇರಬಹುದು. ಸೈಡ್‌ಕಾರಿನ ಚಕ್ರ ಬೈಕಿಗೆ ಪೂರ್ತಿ ಸಮಾನಾಂತರವಾಗಿ ಇರುವುದಿಲ್ಲ. ಅದರ ಮುಂಭಾಗ ಸ್ವಲ್ಪ ಬೈಕಿನ ಕಡೆಗೆ ತಿರುಗಿರುತ್ತದೆ, ಸಾಮಾನ್ಯವಾಗಿ ಒಂದೆರಡು ಸೆಂಟಿಮೀಟರಿನೊಳಗೆ. ಬೈಕ್ ಕೂಡ ನೆಟ್ಟಗೆ ನಿಂತಿರದೆ ಸೈಡ್‌ಕಾರಿನಿಂದ ಆಚೆಗೆ ಒಂದೆರಡು ಡಿಗ್ರಿ ವಾಲಿರುತ್ತದೆ. ರಸ್ತೆಯ ನಡುಭಾಗ ಎತ್ತರ, ಅಂಚು ತಗ್ಗು ಇರುವುದರಿಂದಲೂ, ಸೈಡ್‌ಕಾರ್ ಹಿಂದಕ್ಕೆ ಎಳೆಯುವುದರಿಂದಲೂ ಗಾಡಿ ಎಡಕ್ಕೆ ಹೋಗುತ್ತದೆಯಲ್ಲ, ಆ ಎಳೆತವನ್ನು ಈ ವಾಲು, ಈ ತಿರುವು ಸರಿದೂಗಿಸುತ್ತವೆ. ಸೈಡ್‌ಕಾರಿನ ಚಕ್ರ ಬೈಕಿನ ಹಿಂದಿನ ಚಕ್ರಕ್ಕಿಂತ ಸ್ವಲ್ಪ ಮುಂದಿರುತ್ತದೆ. ಅದು ಬಲ ತಿರುವಿನಲ್ಲಿ ಮಗುಚದಂತೆ ಕಾಯುತ್ತದೆ. ತೀರಾ ಮುಂದಿಟ್ಟರೆ ಹ್ಯಾಂಡಲ್ ಭಾರವಾಗುತ್ತದೆ, ಟೈರ್ ಸವೆಯುತ್ತದೆ. ಈ ಅಳತೆಗಳನ್ನು ಸವಾರ ಕೂತಿರುವಾಗಲೇ ಮಾಡಬೇಕು. ಖಾಲಿ ಗಾಡಿಯ ಅಳತೆ ಸವಾರಿಯ ಹೊತ್ತಿಗೆ ಬದಲಾಗಿರುತ್ತದೆ.

ಕಡಿಮೆ ವೇಗದಲ್ಲಿ ಹ್ಯಾಂಡಲ್ ಎಡಬಲಕ್ಕೆ ಗಡಗಡ ಅಲುಗಾಡುವುದೂ ಈ ಗಾಡಿಗಳಲ್ಲಿ ಸಾಮಾನ್ಯ. ಅದಕ್ಕೆಂದೇ ಸ್ಟೀರಿಂಗ್ ಡ್ಯಾಂಪರ್ ಹಾಕುತ್ತಾರೆ. ಡ್ಯಾಂಪರ್ ಇದ್ದರೂ ಆ ವೇಗದಲ್ಲಿ ಹ್ಯಾಂಡಲಿನಿಂದ ಒಂದು ಕೈ ತೆಗೆಯುವ ಚಾಳಿ ಬೇಡ. ಸೈಡ್‌ಕಾರನ್ನು ಬೈಕಿಗೆ ಹಿಡಿದಿರುವ ಕೊಂಡಿಗಳ ಬೋಲ್ಟುಗಳನ್ನು ಹೊರಡುವ ಮುಂಚೆ ನೋಡುವುದು, ಒಂಟಿ ಬೈಕಿನಲ್ಲಿ ಟೈರಿನ ಗಾಳಿ ನೋಡುವಷ್ಟೇ ಸಹಜವಾಗಬೇಕು. ಬೈಕಿನ ಚಕ್ರ, ಬೇರಿಂಗು, ಫ್ರೇಮು ಇವೆಲ್ಲ ಅಡ್ಡಡ್ಡ ಹೊರೆ ಹೊರಲು ಮಾಡಿದವಲ್ಲ. ಇಲ್ಲಿ ಅವು ಪ್ರತಿ ತಿರುವಿನಲ್ಲೂ ಅದನ್ನೇ ಹೊರುತ್ತವೆ.

ಎರಡನೇ ಮಹಾಯುದ್ಧದ ಬಿಎಂಡಬ್ಲ್ಯೂ ಆರ್75 ಮತ್ತು ಝುಂಡಾಪ್ ಕೆಎಸ್750 ಗಾಡಿಗಳಲ್ಲಿ ಸೈಡ್‌ಕಾರಿನ ಚಕ್ರಕ್ಕೂ ಎಂಜಿನ್ ಶಕ್ತಿ ಹೋಗುತ್ತಿತ್ತು, ರಿವರ್ಸ್ ಗೇರೂ ಇತ್ತು. ಉರಾಲ್ ಕಂಪನಿಯ ಕೆಲವು ಗಾಡಿಗಳಲ್ಲೂ ಆ ಚಕ್ರಕ್ಕೆ ಶಕ್ತಿ ಕೊಡಬಹುದು. ಕೆಸರು, ಮರಳು, ಮಂಜಿನಲ್ಲಿ ಅದು ವರವೇ. ಗಟ್ಟಿ ರಸ್ತೆಯಲ್ಲಿ ಮಾತ್ರ ಉರಾಲ್‌ನ ಆ ಜೋಡಣೆಯನ್ನು ಹಾಕಬಾರದು. ಎರಡೂ ಚಕ್ರ ಒಂದೇ ವೇಗದಲ್ಲಿ ತಿರುಗುವುದರಿಂದ ಗಾಡಿ ತಿರುಗಲು ಒಪ್ಪುವುದೇ ಇಲ್ಲ.

ಮೈದಾನದಿಂದ ರಸ್ತೆಗೆ ಬಂದ ಮೇಲೆ ಮೊದಲು ಕಾಡುವುದು ಅಗಲ. ಬೈಕ್ ಸವಾರನ ಕಣ್ಣು ಸಂದಿಗಳನ್ನು ಹುಡುಕುತ್ತದೆ. ನುಗ್ಗಿಬಿಡಬಹುದು ಅನ್ನಿಸುತ್ತದೆ, ಎಡಗಡೆ ಇನ್ನೊಂದು ಮೀಟರ್‌ಗಿಂತ ಜಾಸ್ತಿ ಗಾಡಿ ಇದೆ ಅನ್ನುವುದು ಆಮೇಲೆ ನೆನಪಾಗುತ್ತದೆ. ರಸ್ತೆಯ ಗುಂಡಿಗಳೂ ಹಾಗೇ. ಒಂಟಿ ಬೈಕಿಗೆ ಒಂದು ಜಾಡು, ಇದಕ್ಕೆ ಎರಡು. ಬೈಕಿನ ಚಕ್ರಗಳನ್ನು ಗುಂಡಿಯಿಂದ ತಪ್ಪಿಸಿದರೆ ಸೈಡ್‌ಕಾರಿನ ಚಕ್ರ ನೇರ ಅದರೊಳಗೇ ಇಳಿಯುತ್ತದೆ. ಆಗ ಗಾಡಿ ಎಡಕ್ಕೆ ಸೆಳೆಯುತ್ತದೆ. ತೀರಾ ತಪ್ಪಿಸಲಾಗದಿದ್ದರೆ ವೇಗ ಇಳಿಸಿ ಗುಂಡಿಯನ್ನು ಎರಡು ಜಾಡುಗಳ ಮಧ್ಯೆ ಬಿಡಿ. ಹಠಾತ್ತಾಗಿ ಪಕ್ಕಕ್ಕೆ ಎಳೆದುಕೊಳ್ಳುವುದಕ್ಕಿಂತ ಗುಂಡಿಗೆ ಇಳಿಯುವುದೇ ಎಷ್ಟೋ ಸಲ ವಾಸಿ. ಬಲಬದಿಯ ದೇಶದಿಂದ ತಂದ, ಬಲಗಡೆ ಸೈಡ್‌ಕಾರ್ ಇರುವ ಗಾಡಿಯನ್ನು ಎಡಬದಿಯ ರಸ್ತೆಯಲ್ಲಿ ಓಡಿಸುವವರ ಪಾಡು ಇನ್ನೂ ಬೇರೆ. ಓವರ್‌ಟೇಕ್ ಮಾಡುವಾಗ ಸವಾರನಿಗೆ ಎದುರು ಕಾಣುವ ಮುಂಚೆಯೇ ಸೈಡ್‌ಕಾರ್ ಎದುರಿನ ಸಾಲಿಗೆ ಹೋಗಿರುತ್ತದೆ. ಹೊಸಬರು ಅಂಥದ್ದನ್ನು ಮುಟ್ಟದಿರುವುದೇ ಒಳ್ಳೆಯದು.

ಜನ ನೋಡುತ್ತಾರೆ ಅನ್ನುವುದೂ ಒಂದು ಸುರಕ್ಷತೆಯ ವಿಷಯವೇ. ಪಕ್ಕದ ಕಾರಿನವರು ಫೋನ್ ಹಿಡಿದು ನಿಮ್ಮ ಜೊತೆಜೊತೆಗೇ ಬರುತ್ತಾರೆ, ಹತ್ತಿರ ಹತ್ತಿರ ಸರಿಯುತ್ತಾರೆ. ಕೈಬೀಸಬೇಡಿ, ಪೋಸ್ ಕೊಡಬೇಡಿ. ನಿಧಾನ ಮಾಡಿ, ಅವರು ಮುಂದೆ ಹೋಗಲಿ.

ಹಿಂದೆ ಇದೆಲ್ಲ ಇಷ್ಟು ಅಪರೂಪದ ವಿದ್ಯೆ ಆಗಿರಲಿಲ್ಲ. ಕಾರು ಕೊಳ್ಳಲಾಗದ ಸಂಸಾರಕ್ಕೆ ಯುರೋಪಿನಲ್ಲಿ ಸೈಡ್‌ಕಾರೇ ಕಾರು. ಜಾಗ್ವಾರ್ ಕಾರಿನ ಕಂಪನಿ 1922ರಲ್ಲಿ ಬ್ರಿಟನ್ನಿನ ಬ್ಲ್ಯಾಕ್‌ಪೂಲ್‌ನಲ್ಲಿ ಶುರುವಾದದ್ದು ಸ್ವಾಲೋ ಸೈಡ್‌ಕಾರ್ ಕಂಪನಿ ಅನ್ನುವ ಹೆಸರಿನಲ್ಲಿ. ಆಮೇಲೆ ಅಗ್ಗದ ಪುಟ್ಟ ಕಾರುಗಳು ಬಂದವು, 1959ರಲ್ಲಿ ಮಿನಿ ಬಂತು, ಸಂಸಾರಗಳು ಮಳೆಯಿಂದ ತಪ್ಪಿಸಿಕೊಂಡು ಕಾರಿನೊಳಗೆ ಹೋದವು. ಈಗ ಸೈಡ್‌ಕಾರ್ ಹತ್ತುವವರು ಬೇಕೆಂದೇ ಹತ್ತುವವರು. ಕೇಳಿ ಕಲಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಅದಕ್ಕೇ, ಎಲ್ಲಾದರೂ ತರಬೇತಿ ಸಿಗುವುದಾದರೆ ದುಡ್ಡು ಕೊಟ್ಟು ಕಲಿಯುವುದು ವಾಸಿ.

ಕಲಿತಮೇಲೆ ಒಂದು ವಿಷಯವನ್ನು ಬಹಳ ಜನ ಗಮನಿಸುವುದಿಲ್ಲ. ಮನೆಯಲ್ಲಿ ಒಂಟಿ ಬೈಕೂ ಇದ್ದರೆ ಅದಕ್ಕೆ ವಾಪಸ್ ಹೋದಾಗಲೂ ಅಪಾಯ ಇದೆ. ಕೈಗೆ ಈಗ ನೇರವಾಗಿ ತಿರುಗಿಸುವ ಅಭ್ಯಾಸ ಬಂದಿರುತ್ತದೆ. ಕಾಲಿಗೆ ಸಿಗ್ನಲ್ಲಿನಲ್ಲಿ ಫುಟ್‌ರೆಸ್ಟ್ ಮೇಲೇ ಇರುವ ಅಭ್ಯಾಸ. ಒಂಟಿ ಬೈಕಿನಲ್ಲಿ ನಿಂತು ಕಾಲಿಡದಿದ್ದರೆ ಏನಾಗುತ್ತದೆ ಅಂತ ಹೇಳಬೇಕಾಗಿಲ್ಲ. ಹಾಗಾಗಿ ಗಾಡಿ ಬದಲಿಸಿದ ದಿನ, ಯಾವ ಕಡೆಯಿಂದ ಯಾವ ಕಡೆಗೇ ಬದಲಿಸಿದರೂ, ಮುಖ್ಯರಸ್ತೆಗೆ ಹೋಗುವ ಮುಂಚೆ ಖಾಲಿ ಜಾಗದಲ್ಲಿ ಎರಡು ಸುತ್ತು ಹಾಕಿ, ಎರಡು ಸಲ ನಿಲ್ಲಿಸಿ ಹೊರಡಿ.